ವ್ಯಾಯಾಮ ಕಲಿಸುವ ಕಾಯಕ

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಪದವಿ ಮುಗಿಸಿದ ಮಗ ಜಿಮ್‌ನಲ್ಲಿ ಟ್ರೇನರ್ ಆಗುತ್ತೇನೆ ಎನ್ನುತ್ತಾನೆ, ಮಗಳು ಮನೆಮನೆಗೆ ಹೋಗಿ ವ್ಯಾಯಾಮ ಕಲಿಸುತ್ತೇನೆ ಎನ್ನುತ್ತಾಳೆ. ಇದು ಹೊಟ್ಟೆ ತುಂಬಿಸುವ ಉದ್ಯೋಗವೇ, ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಉದ್ಯೋಗವೇ ಎಂದು ತಂದೆತಾಯಿಗಳು ಚಿಂತಿಸುತ್ತಾರೆ. ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ರೋಗ, ಆಹಾರ, ಪಥ್ಯಗಳ ಕುರಿತು ಬರೆಯುತ್ತ ಬಂದಿದ್ದೇವೆ. ಆದರೆ ವ್ಯಾಯಾಮ ಕಲಿಸುವವನ ಅನ್ನದ ಪ್ರಶ್ನೆಯೂ ಆರೋಗ್ಯದ ಪ್ರಶ್ನೆಯೇ ಆಗಿದೆ. ಅವನು ಯಾವುದರಿಂದ ಗಳಿಸುತ್ತಾನೆ ಎಂಬುದರ ಮೇಲೆಯೇ ಅವನು ನಮ್ಮ ಮಕ್ಕಳಿಗೆ ಏನು ಕಲಿಸುತ್ತಾನೆ ಎಂಬುದು ನಿಂತಿರುತ್ತದೆ.

ನಮ್ಮ ಸೀಮೆಗೆ ಈ ಉದ್ಯೋಗ ಹೊಸದಲ್ಲ, ಹೆಸರು ಮಾತ್ರ ಹೊಸದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಷಯಕ್ಕೇ ಒಂದು ಭಾಗವಿದೆ. ಅವರ ವಯಸ್ಸು ಮತ್ತು ಬಲಕ್ಕೆ ತಕ್ಕ ದರ್ಜೆ, ಅವರಿಗೆ ಕೊಡಬೇಕಾದ ಆಹಾರ, ಮಾಡಿಸಬೇಕಾದ ಸಾಧನೆ ಎಲ್ಲವನ್ನೂ ಅಲ್ಲಿ ಹೇಳಲಾಗಿದೆ. ಮಲ್ಲರ ಖರ್ಚನ್ನು ಅರಮನೆ ಹೊರುತ್ತಿತ್ತು. ಮುಂದೆ ಊರೂರಿನ ಗರಡಿಮನೆಗಳು ಬಂದವು. ದಂಡ, ಬೈಠಕು, ಗದೆ, ಮಲ್ಲಕಂಬ, ಕಲ್ಲುಗುಂಡು ಎತ್ತುವುದು ಇವೆಲ್ಲವನ್ನೂ ವಸ್ತಾದನು ಶಿಷ್ಯರಿಗೆ ಕಾಸು ಕೇಳದೆ ಕಲಿಸುತ್ತಿದ್ದನು. ಕಾಸು ಕೇಳದಿದ್ದುದು ಅವನ ದೊಡ್ಡ ಗುಣವೇ ಸರಿ. ಆದರೆ ಅವನ ಬೆನ್ನಿಗೆ ಊರಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಗೌಡರ ಮನೆಯ ಹಾಲು, ವರ್ತಕರ ತುಪ್ಪ ಬಾದಾಮಿ, ಜಾತ್ರೆಯ ಕುಸ್ತಿಯ ಬಹುಮಾನ, ಇವು ಸೇರಿ ಪೈಲ್ವಾನನ ಖುರಾಕು ನಡೆಯುತ್ತಿತ್ತು. ಆ ಆಶ್ರಯ ಇಂದು ಕರಗಿಹೋಗಿದೆ. ಆಶ್ರಯ ಹೋದ ಮೇಲೆ ಶುಲ್ಕ ಬರಲೇಬೇಕು. ‘ವ್ಯಾಯಾಮ ಹೇಳಿಕೊಡುವುದಕ್ಕೂ ದುಡ್ಡೇ?’ ಎಂದು ಮೂಗು ಮುರಿಯುವವರಿಗೆ ನಾವು ಹೇಳುವುದು ಇಷ್ಟೇ.

ಶರಣರ ಪರಂಪರೆಯಲ್ಲಿ ಕಾಯಕವೆಂದರೆ ಬಿಟ್ಟಿ ಚಾಕರಿ ಎಂದು ಯಾರೂ ಹೇಳಿಲ್ಲ. ವೈದ್ಯ ಸಂಗಣ್ಣನೂ, ನಮ್ಮದೇ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ ಗದ್ದುಗೆಯುಳ್ಳ ಅಂಬಿಗರ ಚೌಡಯ್ಯನೂ ತಮ್ಮ ತಮ್ಮ ಕಾಯಕದಿಂದಲೇ ಬದುಕಿದವರು. ಅಲ್ಲಿ ವಿಧಿಸಿದ್ದ ಕಟ್ಟು ಬೇರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದ ಕಥೆ ಭಕ್ತರೆಲ್ಲರಿಗೂ ಗೊತ್ತಿರುವುದೇ. ದುಡಿಮೆಗೆ ಸಂಬಂಧವಿಲ್ಲದೆ ಮನೆಗೆ ಬಂದ ಪಾಲು ಯಾವುದು ಎಂದು ಆಕೆ ಗುರುತಿಸಿದಳು. ವ್ಯಾಯಾಮ ಶಿಕ್ಷಕನ ಬದುಕಿನಲ್ಲಿಯೂ ಅಂಥ ಪಾಲೊಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು, ಅವನ ಗಿರಾಕಿ ಯಾರು? ಜಿಮ್ ಎಂದೊಡನೆ ಕನ್ನಡಿಯ ಮುಂದೆ ನಿಂತ ಇಪ್ಪತ್ತರ ಹುಡುಗ ಕಣ್ಣಿಗೆ ಬರುತ್ತಾನೆ. ಆದರೆ ಇಪ್ಪತ್ತರ ಹುಡುಗನ ಜೇಬಿನಲ್ಲಿ ಹಣವಿರುವುದಿಲ್ಲ, ಮೂರು ತಿಂಗಳಿಗಿಂತ ಹೆಚ್ಚು ಅವನು ನಿಲ್ಲುವುದೂ ಇಲ್ಲ. ನಿಜವಾದ ಅವಶ್ಯಕತೆ ಇರುವುದು ಅವನ ತಂದೆತಾಯಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ಇನ್ನೂ 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, 35.5 ಮಂದಿಗೆ ರಕ್ತದ ಒತ್ತಡ ಹೆಚ್ಚಾಗಿದೆ. ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲವೆಂದೂ, ಹೆಂಗಸರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ತಿಳಿಸಿದ್ದಾರೆ. ವಾರಕ್ಕೆ 150 ನಿಮಿಷಗಳಿಗೆ ಕಡಿಮೆಯಿಲ್ಲದ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂಬುದು ಅದೇ ಸಂಸ್ಥೆಯ ಸಲಹೆ. ನಡಿಗೆಯನ್ನು ಜನ ತಾವೇ ಮಾಡಿಯಾರು. ಬಲದ ವ್ಯಾಯಾಮವನ್ನು ಮೊಣಕಾಲು ನೋವಿರುವ ಐವತ್ತೈದರ ತಾಯಿ ಪುಸ್ತಕ ನೋಡಿ ಮಾಡಲಾರಳು. ಅವಳ ಪಕ್ಕದಲ್ಲಿ ತಿಳಿದವರೊಬ್ಬರು ನಿಲ್ಲಬೇಕು. ಈ ಉದ್ಯೋಗದ ಅನ್ನ ಅಲ್ಲಿದೆ.

ನಮ್ಮ ಮೂರು ಊರುಗಳ ಗುಣ ಒಂದೇ ಅಲ್ಲ. ಹಾವೇರಿ 1997ರಲ್ಲಿ ಜಿಲ್ಲಾ ಕೇಂದ್ರವಾದಂದಿನಿಂದ ನೌಕರರ ಊರಾಗಿ ಬೆಳೆದಿದೆ. ಇಲ್ಲಿ ಸಂಬಳದವರು ಹೆಚ್ಚು. ತಿಂಗಳ ಮೊದಲ ವಾರ ಶುಲ್ಕ ಬರುತ್ತದೆ, ಆದರೆ ವರ್ಗಾವಣೆಯಾದರೆ ಗಿರಾಕಿಯೂ ಹೋಗುತ್ತಾನೆ. 2011ರ ಜನಗಣತಿಯಲ್ಲೇ ಒಂದು ಲಕ್ಷ ದಾಟಿದ್ದ ರಾಣೆಬೆನ್ನೂರು ಜಿಲ್ಲಾ ಕೇಂದ್ರಕ್ಕಿಂತ ದೊಡ್ಡ ಊರು; ಬೀಜದ ವ್ಯಾಪಾರ, ಅಂಗಡಿ ಮುಂಗಟ್ಟು, ಆಸ್ಪತ್ರೆ, ಕಾಲೇಜುಗಳ ಊರು. ಅಂಗಡಿಯವರು ರಾತ್ರಿ ಬಾಗಿಲು ಹಾಕುವಷ್ಟರಲ್ಲಿ ದಣಿದಿರುತ್ತಾರಾದ್ದರಿಂದ ಅವರಿಗೆ ನಸುಕಿನ ಹೊತ್ತೇ ಗತಿ. ಬ್ಯಾಡಗಿಯ ಮಾತೇ ಬೇರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಆ ಊರಿನಲ್ಲಿ ಸುಗ್ಗಿ ಬಂತೆಂದರೆ ದಲಾಲರಿಗೆ ಊಟಕ್ಕೂ ಬಿಡುವಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ವ್ಯಾಪಾರಿ ಗಿರಾಕಿ ಕೈಗೆ ಸಿಗನೆಂದು ಲೆಕ್ಕ ಹಾಕಿಕೊಂಡೇ ಅಲ್ಲಿ ಕೆಲಸ ಶುರುಮಾಡಬೇಕು. ಗಾಳಿಯಲ್ಲಿ ಮೆಣಸಿನ ಘಾಟು ತುಂಬಿರುವ ದಿನಗಳಲ್ಲಿ ಮಾರುಕಟ್ಟೆಯ ಪ್ರಾಂಗಣದ ಸಮೀಪ ಬಯಲಿನಲ್ಲಿ ಏದುಸಿರು ಬರುವ ವ್ಯಾಯಾಮ ಮಾಡಿಸಬಾರದು. ಉಬ್ಬಸದವರಿಗಂತೂ ಅದು ಅಪಾಯ.

ಅದೇ ಬ್ಯಾಡಗಿಯಲ್ಲಿ ಇನ್ನೊಂದು ಬಗೆಯ ಜನರೂ ಇದ್ದಾರೆ. ದಿನವಿಡೀ ಚೀಲ ಹೊರುವ ಹಮಾಲರಿಗೆ ಡಂಬೆಲ್ ಎತ್ತುವ ಅಗತ್ಯವಿಲ್ಲ. ಆದರೆ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಭಾರ ಎತ್ತುವ ಕ್ರಮವನ್ನು ಅವರಿಗೆ ಯಾರಾದರೂ ತೋರಿಸಬೇಕು. ದಿನಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುವ ತಾಯಂದಿರಿಗೆ ಗಂಟೆಗೊಮ್ಮೆ ಎದ್ದು ಕೈಕಾಲು ಚಾಚುವ ಐದು ನಿಮಿಷದ ಕ್ರಮ ಬೇಕು. ಇವರಿಂದ ಶುಲ್ಕ ಬಾರದು. ಇವರ ಮಾಲೀಕರಿಂದ ಕೇಳಬಹುದು. ಕೆಲಸಗಾರರ ಬೆನ್ನು ಉಳಿದರೆ ಅಡತಿ ಅಂಗಡಿಗೂ ಲಾಭವಿದೆ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಹಿಡಿದಿರುವ ದರಗಳು ತಿಳಿವಳಿಕೆಗಾಗಿ ಇಟ್ಟವೇ ಹೊರತು ಯಾವ ಊರಿನ ದರಪಟ್ಟಿಯೂ ಅಲ್ಲ. ಜನ ವ್ಯಾಯಾಮಕ್ಕೆ ಸಿಗುವುದು ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ. ದಿನಕ್ಕೆ ಐದರಂತೆ ವಾರದ ಆರು ದಿನಕ್ಕೆ ಮೂವತ್ತು ಗಂಟೆ. ಒಬ್ಬೊಬ್ಬರಿಗೆ ವಾರದಲ್ಲಿ ಮೂರು ದಿನ ಒಂದೊಂದು ಗಂಟೆ ಕೊಟ್ಟರೆ ಹತ್ತೇ ಗಿರಾಕಿಗಳು. ತಲಾ 2,000 ರೂಪಾಯಿ ಎಂದರೆ ತಿಂಗಳಿಗೆ 20,000. ಹನ್ನೊಂದನೆಯವನಿಗೆ ಜಾಗವೇ ಇಲ್ಲ! ಎಷ್ಟು ಹುರುಪಿದ್ದರೂ ಈ ಗೋಡೆಯನ್ನು ದಾಟಲಾಗದು. ಅದೇ ಗಂಟೆಯಲ್ಲಿ ಒಂದೇ ಬಗೆಯ ತೊಂದರೆಯುಳ್ಳ ನಾಲ್ವರನ್ನು ಕೂಡಿಸಿ ತಲಾ 800 ರೂಪಾಯಿ ಪಡೆದರೆ ಅವರ ಹೊರೆಯೂ ಇಳಿಯುತ್ತದೆ, ಶಿಕ್ಷಕನಿಗೆ ಆ ಗಂಟೆಗೆ 3,200 ಬರುತ್ತದೆ. ಹತ್ತರಲ್ಲಿ ಐದು ಪಾಳಿಗಳನ್ನು ಹೀಗೆ ಮಾಡಿದರೆ ಆದಾಯ 26,000 ಆಗುತ್ತದೆ. ಇದರಲ್ಲಿ ಪೆಟ್ರೋಲು, ಮೊಬೈಲು, ಹಬ್ಬ, ಜಾತ್ರೆ, ಮದುವೆಯ ದಿನಗಳ ಗೈರುಹಾಜರಿ ಎಲ್ಲವನ್ನೂ ಕಳೆಯಬೇಕು. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಒಂದೇ ಮುಂಜಾನೆ ಎರಡೂ ಊರುಗಳನ್ನು ಹಿಡಿಯಹೊರಟವನ ಬೆಲೆಬಾಳುವ ಒಂದು ಗಂಟೆ ಹೆದ್ದಾರಿಯಲ್ಲಿ ಕಳೆದುಹೋಗುತ್ತದೆ. ಸೋಮ, ಬುಧ, ಶುಕ್ರ ಒಂದೂರು, ಉಳಿದ ಮೂರು ದಿನ ಇನ್ನೊಂದೂರು ಎಂದು ಹಂಚಿಕೊಳ್ಳುವುದು ಜಾಣತನ.

ಗಂಡಸಾದ ಶಿಕ್ಷಕನಿಗೆ ನಡುಹಗಲು ಬರಿದಾಗಿರುತ್ತದೆ. ಹೊಲ, ಅಂಗಡಿ, ಶಾಲೆಯ ಕೆಲಸ ಯಾವುದಾದರೊಂದು ಜೊತೆಗಿದ್ದರೆ ಮಾತ್ರ ಮೊದಲ ಎರಡು ವರ್ಷ ಸಂಸಾರ ಸಾಗೀತು. ಹೆಣ್ಣುಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧ. ಅಡುಗೆ ಮುಗಿದು, ಮಕ್ಕಳು ಶಾಲೆಗೆ ಹೋಗಿ, ಮನೆಯ ತಾಯಂದಿರಿಗೆ ಬಿಡುವು ಸಿಗುವುದು ಹನ್ನೊಂದರ ಹೊತ್ತಿಗೆ ಮತ್ತು ಮಧ್ಯಾಹ್ನ ಮೂರರ ಹೊತ್ತಿಗೆ. ಆ ಹೊತ್ತಿನಲ್ಲಿ ಮನೆಯೊಳಗೆ ಬಂದು ಕಲಿಸಬಲ್ಲವಳು ಹೆಣ್ಣು ಶಿಕ್ಷಕಿಯೇ. ಹೀಗಾಗಿ ಅವಳ ದಿನದಲ್ಲಿ ದುಡಿಮೆಯ ಗಂಟೆಗಳು ಹೆಚ್ಚು, ಪೈಪೋಟಿ ಕಡಿಮೆ. ಹೆರಿಗೆಯ ನಂತರ ಸೊಂಟ ಸೋತವರು, ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತಿರುವವರು ತಮ್ಮ ಕಷ್ಟವನ್ನು ಗಂಡಸಿನ ಮುಂದೆ ಹೇಳಿಕೊಳ್ಳಲಾರರು. ಮಗಳು ಈ ಉದ್ಯೋಗಕ್ಕೆ ಹೋಗುತ್ತೇನೆಂದರೆ ಮಗನಿಗಿಂತ ಅವಳಿಗೇ ಮೊದಲು ಒಪ್ಪಿಗೆ ಕೊಡಿರೆಂದು ನಾವು ಹೇಳುತ್ತೇವೆ.

ಇನ್ನು, ಮೇಲೆ ಹೇಳಿದ ಆ ಪಾಲಿನ ವಿಷಯ. ಕೆಲವು ಜಿಮ್‌ಗಳಲ್ಲಿ ತರಬೇತುದಾರನ ಸಂಬಳ ಕಡಿಮೆ, ಪ್ರೋಟೀನ್ ಡಬ್ಬಿ ಮಾರಿದಾಗ ಸಿಗುವ ಕಮಿಷನ್ ಹೆಚ್ಚು. ಹೀಗಾದೊಡನೆ ಅವನು ಶಿಕ್ಷಕನಾಗಿ ಉಳಿಯುವುದಿಲ್ಲ, ಮಾರಾಟಗಾರನಾಗುತ್ತಾನೆ. ಹುಡುಗನಿಗೆ ಬೇಕೋ ಬೇಡವೋ, ಡಬ್ಬಿ ಬೇಕೇಬೇಕು ಎನ್ನುವುದು ಅವನ ಹೊಟ್ಟೆಪಾಡಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಮೈ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸದಿರಲು ಸ್ಪಷ್ಟವಾಗಿ ಹೇಳಿದೆ. ಸಾಮಾನ್ಯ ವಯಸ್ಕನಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂಬುದು ನಮ್ಮ ದೇಶದ ಶಿಫಾರಸು. 60 ಕಿಲೋ ತೂಕದವನಿಗೆ ಅದು ಸುಮಾರು 50 ಗ್ರಾಂ. ನಮ್ಮ ಮನೆಯ ಊಟವನ್ನೇ ನೋಡಿ. ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30 ಗ್ರಾಂ, 50 ಗ್ರಾಂ ಹೆಸರುಕಾಳು ಇಲ್ಲವೆ ಮಡಿಕೆಕಾಳಿನಲ್ಲಿ 12 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16 ಗ್ರಾಂ, ಒಟ್ಟು 58 ಆಯಿತು. ಕಸುವಿನ ಸಾಧನೆ ಮಾಡುವ ಯುವಕನಿಗೆ ಇನ್ನಷ್ಟು ಬೇಕೆನ್ನಿಸಿದರೆ 50 ಗ್ರಾಂ ಶೇಂಗಾ ಸೇರಿಸಲಿ, 70ರ ಹತ್ತಿರ ಬರುತ್ತದೆ. ಶೇಂಗಾ ಚಟ್ನಿಯ ನಾಡಿನಲ್ಲಿ ಡಬ್ಬಿಯ ಪುಡಿಗಾಗಿ ಸಾಲ ಮಾಡುವುದು ವಿಚಿತ್ರವೆನಿಸುತ್ತದೆ.

ಪುಡಿಯ ಆಚೆಗೆ ಸೂಜಿಯಿದೆ, ಅದು ವಿಷವೇ ಸರಿ. ಸ್ನಾಯು ಉಬ್ಬಿಸುವ ಸ್ಟಿರಾಯ್ಡ್‌ಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳು. ಚೀಟಿಯಿಲ್ಲದೆ ಚುಚ್ಚಿಕೊಂಡವರಲ್ಲಿ ವೃಷಣಗಳು ಕುಗ್ಗಿ ಸಂತಾನಶಕ್ತಿ ಕುಂದುತ್ತದೆ, ಒಳ್ಳೆಯ ಕೊಬ್ಬಿನಂಶ ಇಳಿದು ರಕ್ತನಾಳ ಕೆಡುತ್ತದೆ, ಹೃದಯದ ಸ್ನಾಯು ದಪ್ಪಗಾಗುತ್ತದೆ, ಯಕೃತ್ತು ನಲುಗುತ್ತದೆ. ಮೂರು ತಿಂಗಳಲ್ಲಿ ಮೈ ಕಟ್ಟಿಸಿಕೊಡುತ್ತೇನೆಂದು ಯಾರಾದರೂ ಮಾತು ಕೊಟ್ಟರೆ ತಂದೆತಾಯಿಗಳು ಅಲ್ಲಿಯೇ ಎಚ್ಚರಗೊಳ್ಳಬೇಕು. ಲಕ್ಕಮ್ಮನ ಕಣ್ಣಿಗೆ ಬೀಳುತ್ತಿದ್ದ ಅಕ್ಕಿ ಇಂಥದ್ದೇ.

ಹಾಗಾದರೆ ಶಿಕ್ಷಕ ತನ್ನ ಶುಲ್ಕಕ್ಕೆ ಏನನ್ನು ತೋರಿಸಬೇಕು? ಅಳತೆಯನ್ನು. ಮೊದಲ ದಿನ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿ ಬರೆದಿಡಬೇಕು. ಹೊಟ್ಟೆಯ ಸುತ್ತಳತೆ ಬರೆದಿಡಬೇಕು; ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ರಕ್ತದ ಒತ್ತಡವನ್ನೂ ಬರೆದಿಡಬೇಕು. ಮೂರು ತಿಂಗಳ ನಂತರ ಅದೇ ಹಾಳೆಯಲ್ಲಿ ಎಂಟು ಸಲವಿದ್ದುದು ಹನ್ನೆರಡಾಗಿದ್ದರೆ ಯಾವ ಜಾಹೀರಾತೂ ಬೇಕಿಲ್ಲ. ಅವರೇ ಬೀಗರಿಗೆ ಹೇಳುತ್ತಾರೆ. ಸಣ್ಣ ಊರಿನಲ್ಲಿ ಹೊಸ ಗಿರಾಕಿ ಬರುವುದು ಹೀಗೆಯೇ.

ಆದರೆ ಬರೆದಿಡುವುದಕ್ಕೂ ಮೊದಲು ಕೇಳುವುದಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ರ ಹರೆಯದಲ್ಲಿ, ವ್ಯಾಯಾಮದ ಬಳಿಕ ಅಸ್ವಸ್ಥರಾಗಿ ಹೃದಯ ನಿಂತು ತೀರಿಕೊಂಡಾಗ ನಾಡಿಗೆ ನಾಡೇ ಬೆಚ್ಚಿತು. ಜಿಮ್‌ನಿಂದಲೇ ಸಾವು ಎಂಬ ಭಯ ಹಬ್ಬಿತು. ಒಬ್ಬರ ಸಾವಿನಿಂದ ವ್ಯಾಯಾಮವನ್ನೇ ದೂರುವುದು ಸರಿಯಲ್ಲ. ವ್ಯಾಯಾಮ ಬಿಟ್ಟವರಿಗೇ ಹೃದಯದ ಕಾಯಿಲೆ ಹೆಚ್ಚು. ಆದರೆ ಶಿಕ್ಷಕನ ಹೊಣೆ ಎಷ್ಟು ದೊಡ್ಡದೆಂದು ಆ ಘಟನೆ ಕಲಿಸಿತು. ಹೃದಯದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ, ಮೈ ದಂಡಿಸಿದಾಗ ಎದೆ ನೋಯುತ್ತದೆಯೇ, ಸುಮ್ಮನೆ ಕುಳಿತಾಗಲೂ ನೋವು ಬಂದಿತ್ತೇ, ತಲೆ ಸುತ್ತಿ ಎಚ್ಚರ ತಪ್ಪಿದ್ದುಂಟೇ, ಕೀಲು ಮೂಳೆಗಳ ತೊಂದರೆಯಿದೆಯೇ, ಒತ್ತಡಕ್ಕೋ ಹೃದಯಕ್ಕೋ ಮಾತ್ರೆ ನುಂಗುತ್ತೀರಾ, ಬೇರೇನಾದರೂ ಕಾರಣವಿದೆಯೇ? ಈ ಏಳು ಪ್ರಶ್ನೆಗಳನ್ನು ಜಗತ್ತಿನಾದ್ಯಂತ ತರಬೇತುದಾರರು ಮೊದಲ ದಿನವೇ ಕೇಳುತ್ತಾರೆ. ಒಂದಕ್ಕೆ ‘ಹೌದು’ ಬಂದರೂ ಮೊದಲು ವೈದ್ಯರ ಬಳಿಗೆ ಕಳುಹಿಸಬೇಕು. ಹಾಗೆ ಕಳುಹಿಸಿದ್ದರಿಂದ ಒಂದು ತಿಂಗಳ ಶುಲ್ಕ ತಪ್ಪೀತು. ತಪ್ಪಲಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರ ಇಳಿದು ಬೆವರು, ನಡುಕ, ಮಂಪರು ಬರಬಹುದು. ಆದ್ದರಿಂದ ಶಿಕ್ಷಕನ ಚೀಲದಲ್ಲಿ ಯಾವಾಗಲೂ ಸಕ್ಕರೆಯಿರಬೇಕು. ಮಧುಮೇಹಿಗಳ ಪಾದದಲ್ಲಿ ಗಾಯವಿದೆಯೇ ಎಂದು ನೋಡದೆ ಓಡಿಸಬಾರದು. ಒತ್ತಡವಿರುವವರು ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಒತ್ತಡ ದಿಢೀರನೆ ಏರುತ್ತದೆ, ಎತ್ತುವಾಗ ಉಸಿರು ಬಿಡಲು ಕಲಿಸಬೇಕು. ಯಾರಾದರೂ ಕುಸಿದು ಬಿದ್ದು, ಉಸಿರಾಟವಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಇದನ್ನು ಕೈಯಾರೆ ಅಭ್ಯಾಸ ಮಾಡದವನ ಬಳಿಗೆ ಹಿರಿಯರನ್ನು ಕಳುಹಿಸಬೇಡಿ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಇಸಿಜಿ ಮತ್ತು ತುರ್ತು ಚುಚ್ಚುಮದ್ದು ಉಚಿತವಾಗಿ ದೊರೆಯಲೆಂದು ರಾಜ್ಯ ಸರ್ಕಾರವು ಪುನೀತ್ ಅವರ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆಯನ್ನು ನಡೆಸುತ್ತಿದೆ. ತನ್ನ ಊರಿನಲ್ಲಿ ಆ ಸೌಲಭ್ಯ ಎಲ್ಲಿದೆ ಎಂಬುದು ಶಿಕ್ಷಕನಿಗೆ ಬಾಯಿಪಾಠವಾಗಿರಬೇಕು.

ವಿದ್ಯೆಯ ಮಾತು ಚಿಕ್ಕದು. ವೈದ್ಯರಿಗಿರುವಂಥ ಕಡ್ಡಾಯ ನೋಂದಣಿ ನಮ್ಮ ದೇಶದಲ್ಲಿ ವ್ಯಾಯಾಮ ತರಬೇತುದಾರರಿಗೆ ಇಲ್ಲ. ಯಾರು ಬೇಕಾದರೂ ಫಲಕ ಹಾಕಬಹುದು. ಅದಕ್ಕೇ ಪ್ರಮಾಣಪತ್ರದ ಬೆಲೆ ಇನ್ನೂ ಹೆಚ್ಚು. ದೈಹಿಕ ಶಿಕ್ಷಣದ ಎರಡು ವರ್ಷದ ಬಿ.ಪಿ.ಎಡ್., ಕ್ರೀಡಾ ಕೌಶಲ ಮಂಡಳಿಯ ಫಿಟ್ನೆಸ್ ತರಬೇತುದಾರರ ಕೋರ್ಸು, ಯೋಗ ಕಲಿಸುವವರಿಗೆ ಆಯುಷ್ ಸಚಿವಾಲಯದಡಿಯ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ, ಇವು ನೆಚ್ಚಬಹುದಾದ ದಾರಿಗಳು. ಫಿಸಿಯೊಥೆರಪಿಯೂ ರೋಗಿಗಳ ಪಥ್ಯದ ಪಟ್ಟಿ ಬರೆಯುವುದೂ ಬೇರೆ ವಿದ್ಯೆಗಳು. ಅವುಗಳಿಗೆ 2021ರ ಕಾಯಿದೆಯೇ ಇದೆ. ಶಿಕ್ಷಕನು ಅಲ್ಲಿಗೆ ಕೈ ಹಾಕಬಾರದು.

ಬಂಡವಾಳಕ್ಕೆ ಹೆದರಬೇಕಿಲ್ಲ. ಸಾಲ ಮಾಡಿ ಟ್ರೆಡ್‌ಮಿಲ್ ತಂದವನು ಕಂತು ಕಟ್ಟುವುದಕ್ಕಾಗಿಯೇ ಡಬ್ಬಿ ಮಾರಲಾರಂಭಿಸುತ್ತಾನೆ. ಎರಡು ಚಾಪೆ, ರಬ್ಬರಿನ ಪಟ್ಟಿಗಳು, ಒಂದೆರಡು ಜೊತೆ ಡಂಬೆಲ್, ಒತ್ತಡ ಅಳೆಯುವ ಯಂತ್ರ, ಅಳತೆಯ ಟೇಪು ಇದ್ದರೆ ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು. ಬೇಕೇಬೇಕೆಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲವಿದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತೊಡಕಿಲ್ಲ. ಶುಲ್ಕವನ್ನು ತಿಂಗಳ ಆರಂಭದಲ್ಲೇ ಪಡೆಯಬೇಕು, ಉದ್ರಿ ಬೇಡ. ತಾನು ತಪ್ಪಿಸಿದ ದಿನವನ್ನು ಮಾತ್ರ ತಪ್ಪದೆ ತುಂಬಿಕೊಡಬೇಕು. ‘ನಾವು ನಿಮ್ಮವರೇ ಅಲ್ಲವೇ’ ಎನ್ನುವ ಉಳ್ಳವರಿಗೆ ರಿಯಾಯಿತಿ ಕೊಟ್ಟು ಮನಸ್ಸಿನಲ್ಲಿ ಕೊರಗುವುದಕ್ಕಿಂತ, ಭಾನುವಾರ ಒಂದು ಗಂಟೆ ಸಮುದಾಯ ಭವನದಲ್ಲೋ ಶಾಲೆಯ ಅಂಗಳದಲ್ಲೋ ಇಲ್ಲದವರಿಗಾಗಿ ಉಚಿತವಾಗಿ ಕಲಿಸುವುದು ಮೇಲು. ಅದು ದಾಸೋಹವಾಗುತ್ತದೆ. ಉಳ್ಳವರಿಗೆ ಕೊಟ್ಟ ರಿಯಾಯಿತಿ ಬರೀ ಸಂಕೋಚ.

ಕೊನೆಯದಾಗಿ ಮುಪ್ಪಿನ ಚಿಂತೆ. ಈ ಉದ್ಯೋಗದಲ್ಲಿ ಭವಿಷ್ಯನಿಧಿಯಿಲ್ಲ, ರಜೆಯ ಸಂಬಳವಿಲ್ಲ. ನಸುಕಿನಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದರೆ ಆ ತಿಂಗಳ ಆದಾಯವೇ ನಿಂತಿತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ 2 ಲಕ್ಷದವರೆಗೆ ಭದ್ರತೆ ಕೊಡುತ್ತದೆ. 18ರಿಂದ 40 ವಯಸ್ಸಿನೊಳಗಿನ, ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೆ ಸೇರಿದರೆ, ಕಟ್ಟಿದ ಕಂತಿಗೆ ತಕ್ಕಂತೆ ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಎರಡನ್ನೂ ಬ್ಯಾಂಕಿನ ಉಳಿತಾಯ ಖಾತೆಯಿಂದಲೇ ಮಾಡಿಸಬಹುದು. ಮೊದಲ ತಿಂಗಳ ಶುಲ್ಕ ಕೈಗೆ ಬಂದ ದಿನವೇ ಅದನ್ನು ಮಾಡಿಸಿಬಿಡಲಿ.